ಡ್ರಿಲ್ ಟೀಚರ್ ಒಡೆದ ಬೀಗ

ಕಳೆದ ಮಳೆಗಾಲದಲ್ಲಿ ಒಬ್ಬರು ಹಳೆಯ ಕ್ಯಾನ್ವಾಸ್ ಟೆಂಟೊಂದನ್ನು ತಂದು ನನ್ನ ಅಂಗಡಿಯ ಬಾಗಿಲಲ್ಲಿ ಧೊಪ್ಪನೆ ಹಾಕಿದರು. ಕತ್ತರಿಸಿ ಟ್ರ್ಯಾಕ್ಟರಿಗೆ ಹೊದಿಕೆ ಹೊಲಿದುಕೊಡಬೇಕಂತೆ. ಚನ್ನಪಟ್ಟಣದಲ್ಲಿ ನನ್ನದು ಹೊಲಿಗೆ ಅಂಗಡಿ. ಸೀಟ್ ಕವರು, ಟಾರ್ಪಾಲು, ಶಾಮಿಯಾನದ ಹರಕು, ಹೀಗೆ ದಪ್ಪ ಬಟ್ಟೆಯ ಕೆಲಸವೇ ಹೆಚ್ಚು. ಹಗ್ಗ ಬಿಚ್ಚಿ ಟೆಂಟನ್ನು ನೆಲಕ್ಕೆ ಹಾಸಿದೆ. ಬೂಷ್ಟು ಹಿಡಿದ ಬಟ್ಟೆ, ಸೀಮೆಎಣ್ಣೆ, ಒಣಹುಲ್ಲು, ಹಗ್ಗದ ನಾರು, ಎಲ್ಲ ಬೆರೆತ ವಾಸನೆ ಮೂಗಿಗೆ ಅಡರಿತು. ಕತ್ತರಿ ಹಿಡಿದ ಕೈ ಹಾಗೇ ನಿಂತಿತು. ನಮ್ಮ ಡ್ರಿಲ್ ಟೀಚರ್ ಪಕ್ಕದಲ್ಲೇ ನಿಂತು ಉಸಿರಾಡಿದ ಹಾಗಾಯಿತು...

ಮಾಗಡಿ ಕಡೆಯ ಒಂದು ಹೆಣ್ಣುಮಕ್ಕಳ ಹೈಸ್ಕೂಲಿನಲ್ಲಿ ನಾನು ಓದಿದ್ದು. ಅಲ್ಲಿ ಅವರು ಆಟೋಟದ ಟೀಚರು. ಕುದೂರಿನ ಕಡೆಯವರು, ಬಟ್ಟೆ ವ್ಯಾಪಾರದ ಮನೆತನ. ಹಣೆಯಲ್ಲಿ ತೆಳ್ಳಗೆ ವಿಭೂತಿ, ಗಂಜಿ ಹಾಕಿದ ಹತ್ತಿ ಸೀರೆ, ಸೀರೆಯ ಕೆಳಗೆ ಬಿಳಿ ಕ್ಯಾನ್ವಾಸ್ ಶೂ. ಆ ಶೂ ನೋಡಿ ಊರಿನವರು ನಗುತ್ತಿದ್ದರು. ಕೊರಳಲ್ಲಿ ಸರದ ಜೊತೆಗೇ ಒಂದು ಸೀಟಿ ನೇತಾಡುತ್ತಿತ್ತು. ಮದುವೆಯಾಗಿರಲಿಲ್ಲ. ಯಾಕೆ ಆಗಲಿಲ್ಲ ಎಂದು ಅವರಿಗಿಂತ ಊರಿನವರಿಗೇ ಹೆಚ್ಚು ಗೊತ್ತಿದ್ದಂತೆ ಮಾತಾಡುತ್ತಿದ್ದರು.

ಎಲ್ಲೆಲ್ಲೋ ಓಡಾಡಿ, ಯಾರನ್ನೋ ಕಾಡಿ ಬೇಡಿ, ಅವರು ಶಾಲೆಗೆ ಕೆಲವು ಹಳೆಯ ಮಿಲಿಟರಿ ಟೆಂಟುಗಳನ್ನು ತರಿಸಿದ್ದರು. ಚಳಿಗಾಲ ಬಂದರೆ ನಮ್ಮನ್ನು ಕ್ಯಾಂಪಿಗೆ ಕರೆದುಕೊಂಡು ಹೋಗುತ್ತಿದ್ದರು. ದುಡ್ಡು ಕೊಟ್ಟು ಉಳಿಯುವ ಜಾಗಗಳಲ್ಲ. ಯಾರ ಸ್ವಂತದ್ದೂ ಅಲ್ಲದ, ಎಲ್ಲರದ್ದೂ ಆದ ಜಾಗಗಳು: ಊರಿನ ಗುಂಡುತೋಪು, ಬೆಟ್ಟದ ಬುಡ, ಹೊಳೆ ದಂಡೆಯ ಅರಣ್ಯ, ಜಲಾಶಯದ ಏರಿಯ ಆಚೆ. ಹೊಸ ಜಾಗಕ್ಕೆ ಹೋದ ಕೂಡಲೇ ಟೆಂಟು ಬಿಚ್ಚಲು ಬಿಡುತ್ತಿರಲಿಲ್ಲ. ಎಲ್ಲರನ್ನೂ ಒಂದು ಸುತ್ತು ನಡೆಸುತ್ತಿದ್ದರು. ನೆರಳು ಎಲ್ಲಿದೆ, ಮಳೆ ಬಂದರೆ ನೀರು ಯಾವ ಕಡೆಯಿಂದ ನುಗ್ಗುತ್ತೆ, ಗೂಟ ಇಳಿಯುತ್ತಾ ಎಂದೆಲ್ಲ ಕೇಳುತ್ತಿದ್ದರು. ಕೊನೆಗೆ ಒಂದು ಪ್ರಶ್ನೆ ಇದ್ದೇ ಇರುತ್ತಿತ್ತು.

"ಎಲ್ಲಾ ಸರಿ ಕಣ್ರೇ. ಬೆಳಿಗ್ಗೆ ಎದ್ದು ಎಲ್ಲಿಗೆ ಹೋಗ್ತೀರಿ?"

ನಾವು ಮುಖ ಮುಚ್ಚಿಕೊಂಡು ನಗುತ್ತಿದ್ದೆವು. ಅವರು ನಗುತ್ತಿರಲಿಲ್ಲ. "ಇದಕ್ಕೆ ಉತ್ತರ ಇಲ್ದಿರೋ ಜಾಗ ಗಂಡಸ್ರಿಗೆ ಮಾಡಿರೋ ಜಾಗ" ಎನ್ನುತ್ತಿದ್ದರು.

ಮೊದಲ ಕ್ಯಾಂಪು ಕುದೂರಿನ ಆಚೆ ಒಂದು ಹಳ್ಳಿಯ ಗುಂಡುತೋಪಿನಲ್ಲಿ. ಹಳೆಯ ಮಾವಿನ ಮರಗಳು, ಹೊಂಗೆ ಮರಗಳು. ಹಗಲಿಡೀ ನೆರಳು. ಪಕ್ಕದಲ್ಲೇ ಸೇದುವ ಬಾವಿ. ಮೆತ್ತನೆ ಮಣ್ಣು, ಗೂಟ ಬೆಣ್ಣೆಗೆ ಇಳಿದ ಹಾಗೆ ಇಳಿಯುತ್ತಿತ್ತು. ಟೆಂಟು ಹಾಕಲು ಅದಕ್ಕಿಂತ ಒಳ್ಳೆಯ ಜಾಗ ಇಲ್ಲ ಅನ್ನಿಸಿತ್ತು ನನಗೆ. ಆದರೆ ಊರಿಗೆ ಊರೇ ನಮ್ಮನ್ನು ನೋಡಲು ಬಂದು ಕೂತಿತು! ಮರೆಯೆಂಬುದೇ ಇಲ್ಲ. ಟೀಚರ್ ನಮ್ಮ ಕೈಗೇ ಹಾರೆ ಕೊಟ್ಟು ತೋಪಿನ ಹಿಂದೆ ಉದ್ದಕ್ಕೆ ಗುಂಡಿ ತೋಡಿಸಿದರು, ಸುತ್ತ ಗೋಣಿತಾಟು ಕಟ್ಟಿಸಿದರು, ಪಕ್ಕದಲ್ಲಿ ಬೂದಿಯ ಬುಟ್ಟಿ ಇಡಿಸಿದರು. ಸಂಜೆ ನೀರಿಗೆ ಬಂದ ಊರಿನ ಹೆಂಗಸರು ಅದನ್ನು ಬಗ್ಗಿ ನೋಡಿದರು. ಅವರಲ್ಲಿ ಒಬ್ಬರು ನಡುವಯಸ್ಸಿನವರು ಟೀಚರ್ ಕೈ ಹಿಡಿದುಕೊಂಡು ಹೇಳಿದ ಮಾತು ಈಗಲೂ ಕಿವಿಯಲ್ಲಿದೆ.

"ನಮ್ಗೂ ಇಂಥದ್ದೊಂದು ಮಾಡ್ಕೊಟ್ ಹೋಗಿ ಕಣವ್ವ. ನಾವು ಒತ್ತು ಮುಳುಗಗಂಟ ತಡ್ಕೊಂಡಿರ್ತೀವಿ."

ಕ್ಯಾಂಪು ಮುಗಿಸಿ ಹೊರಡುವಾಗ ಗುಂಡಿ ಮುಚ್ಚಬೇಕಿತ್ತು. ಟೀಚರ್ ಅದನ್ನು ಮುಚ್ಚಿಸಿ, ಬೇರೆ ಕಡೆ ಹೊಸದೊಂದನ್ನು ತೋಡಿಸಿ, ಗೋಣಿತಾಟುಗಳನ್ನು ಅಲ್ಲೇ ಬಿಟ್ಟು ಬಂದರು. ಶಾಲೆಯ ಗೋಣಿತಾಟು ಎಲ್ಲಿ ಎಂದು ಆಮೇಲೆ ಹೆಡ್‌ಮಾಸ್ಟರು ಅವರನ್ನು ಕೇಳಿದರಂತೆ...

ರಾಮನಗರದ ಬೆಟ್ಟದ ಬುಡದಲ್ಲಿ ಹಾಕಿದ ಕ್ಯಾಂಪು ಇನ್ನೊಂದು ತರಹ. ಅಲ್ಲಿ ನೆಲವೆಂದರೆ ಬಂಡೆ. ಗೂಟ ಹೊಡೆದರೆ ಗೂಟವೇ ಬಗ್ಗುತ್ತಿತ್ತು. ಹಗ್ಗಗಳನ್ನು ಗುಂಡುಕಲ್ಲುಗಳಿಗೆ ಬಿಗಿದು ಟೆಂಟು ನಿಲ್ಲಿಸಿದೆವು. ಮಲಗಿದರೆ ಹಗಲಿನ ಬಿಸಿಲು ಬಂಡೆಯಿಂದ ಬೆನ್ನಿಗೆ ಬರುತ್ತಿತ್ತು. ಆದರೆ ಮರೆಗೆ ಕೊರತೆಯಿಲ್ಲ, ಒಬ್ಬೊಬ್ಬಳಿಗೂ ಒಂದೊಂದು ಬಂಡೆ. ಪೇಟೆಯ ಹುಡುಗರು ಸೈಕಲ್ಲಿನಲ್ಲಿ ಬಂದು ಬಗ್ಗಿ ನೋಡತೊಡಗಿದಾಗ ಟೀಚರ್ ಸೀಟಿ ಊದುತ್ತ ಅವರ ಹಿಂದೆ ಓಡಿದ್ದು, ಸೀರೆ ಎತ್ತಿ ಕಟ್ಟಿದ ಅವರ ಬಿಳಿ ಶೂ ಬಂಡೆಯಿಂದ ಬಂಡೆಗೆ ಹಾರಿದ್ದು... ನಾವು ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೆವು.

ಅವರಿಗೆ ಎಲ್ಲಕ್ಕಿಂತ ಇಷ್ಟವಾಗಿದ್ದು ಉಯ್ಯಂಬಳ್ಳಿಯ ಆಚೆಗಿನ ಹೊಳೆ ದಂಡೆ. ಅರಣ್ಯದವರ ಜಾಗ. ಕಾವಲಿನವರ ಗುಡಿಸಲು, ಆನೆ ಬರದಂತೆ ಸುತ್ತ ಅಗಳು, ಕಟ್ಟುನಿಟ್ಟು. ಬೆಂಕಿ ಎಲ್ಲಿ ಹಾಕಬೇಕೋ ಅಲ್ಲೇ ಹಾಕಬೇಕು, ಹೊತ್ತು ಮುಳುಗಿದ ಮೇಲೆ ಅಗಳು ದಾಟುವಂತಿಲ್ಲ. ನೆಲ ಮರಳು, ಗೂಟಗಳನ್ನು ಓರೆಯಾಗಿ ಹೂತು ಮೇಲೆ ಕಲ್ಲು ಹೇರಬೇಕಿತ್ತು. ಕಾವಲಿನವರ ಹೆಂಡತಿ ತಮ್ಮ ಸೋಗೆ ಕಟ್ಟಿದ ಪಾಯಿಖಾನೆಯನ್ನು ಕೇಳುವ ಮೊದಲೇ ನಮಗೆ ಬಿಟ್ಟುಕೊಟ್ಟರು. ಟೀಚರ್ ಹೊಳೆಯ ನೀರಿನಲ್ಲಿ ಕಾಲಿಟ್ಟುಕೊಂಡು ಕೂತು, "ಇಲ್ಲಿ ಆನೆಗೆ ಬಿಟ್ರೆ ಇನ್ಯಾರಿಗೂ ಹೆದರೋ ಹಂಗಿಲ್ಲ ಕಣ್ರೇ" ಎಂದಿದ್ದರು. ಅವರ ಮುಖ ಅಷ್ಟು ಸಡಿಲವಾಗಿದ್ದುದನ್ನು ನಾನು ನೋಡಿದ್ದು ಅಲ್ಲೇ.

ನಾವು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಹೋದದ್ದು ಒಂದು ಜಲಾಶಯದ ದಂಡೆಗೆ. ಯಾವ ಜಲಾಶಯ ಎನ್ನುವುದು ಬೇಡ. ಅಗಲವಾದ ಹುಲ್ಲುಬಯಲು, ಕಣ್ಣಿಗೆ ಹಬ್ಬ. ಆದರೆ ಒಂದು ಗಿಡ ಇಲ್ಲ, ಒಂದು ಪೊದೆ ಇಲ್ಲ, ಬಂಡೆಯಂತೂ ಇಲ್ಲವೇ ಇಲ್ಲ. ಗುದ್ದಲಿ ಹಾಕಿದರೆ ಮೊಣಕಾಲಷ್ಟು ತೋಡುವುದರೊಳಗೆ ನೀರು ಒಸರುತ್ತಿತ್ತು, ಹಾಗಾಗಿ ಗುಂಡಿಯ ಮಾತೇ ಇಲ್ಲ. ಟೀಚರ್ ಇದನ್ನೆಲ್ಲ ಮೊದಲೇ ಬಂದು ನೋಡಿಕೊಂಡು ಹೋಗಿದ್ದರು. ದಂಡೆಯ ಮೇಲೆ ಸರ್ಕಾರಿ ಪ್ರವಾಸಿ ಮಂದಿರ ಇತ್ತು. ಅದರ ಹಿಂಭಾಗದಲ್ಲಿ ಹೊರಗಿನವರಿಗೆಂದೇ ಕಟ್ಟಿದ ಪಾಯಿಖಾನೆ ಇತ್ತು. ಅದನ್ನು ಹುಡುಗಿಯರು ಬಳಸಬಹುದು ಎಂದು ಜಲಾಶಯದ ಕಚೇರಿಯವರು ಬಾಯಿಮಾತಿನಲ್ಲಿ ಒಪ್ಪಿದ್ದರು. ಆ ಮಾತನ್ನು ನಂಬಿಯೇ ನಮ್ಮನ್ನು ಕರೆತಂದಿದ್ದರು.

ಮಾರನೆಯ ದಿನ ಮಧ್ಯಾಹ್ನ ನನ್ನ ಬೆಂಚಿನ ಗೆಳತಿಗೆ ಭೇದಿ ಶುರುವಾಯಿತು. ಊಟವೋ ನೀರೋ, ಏನು ಒಗ್ಗಲಿಲ್ಲವೋ. ಬೆಳಿಗ್ಗೆಯವರೆಗೂ ತೆರೆದಿದ್ದ ಪಾಯಿಖಾನೆಗೆ ಈಗ ಬೀಗ. ನಾನು ಅವಳನ್ನು ಹಿಡಿದುಕೊಂಡು ಅಲ್ಲಿಗೆ ಹೋದೆ, ಹಿಂದೆಯೇ ಟೀಚರ್ ಓಡಿ ಬಂದರು. ಮಂದಿರ ನೋಡಿಕೊಳ್ಳುತ್ತಿದ್ದ ಮೇಟಿ ಜಗಲಿಯ ಮೇಲೆ ಕೂತಿದ್ದ. ಟೀಚರ್ ಬೀಗದ ಕೈ ಕೇಳಿದರು.

"ಸಾಯೇಬ್ರು ಮನೇವ್ರನ್ನ ಕರ್ಕಂಡು ಊಟಕ್ಕೆ ಬತ್ತಾವ್ರೆ ಕಣಮ್ಮ. ಎಲ್ಲಾ ತೊಳ್ದು ಮಡ್ಗಿವ್ನಿ" ಎಂದ ಆತ.

"ನಾನೇ ಮತ್ತೆ ತೊಳ್ಕೊಡ್ತೀನಿ ಕಣಯ್ಯ. ಮಗು ನೋಡು, ನಿಂತ್ಕೊಳೋಕೂ ಆಗ್ತಿಲ್ಲ. ತೆಗಿ."

"ಆಗಕ್ಕಿಲ್ಲ ಅಂದ್ರೆ ಆಗಕ್ಕಿಲ್ಲ. ಅಷ್ಟು ದೊಡ್ಡ ಬಯಲೈತೆ, ಅಲ್ಲೇ ಎಲ್ಲಾದ್ರೂ ಕುಂತ್ಕಳಕ್ಕೇಳಿ."

ಆ ಬಯಲಿನಲ್ಲಿ ಆಗ ಪಿಕ್‌ನಿಕ್ಕಿಗೆ ಬಂದ ಗಂಡಸರ ಗುಂಪೊಂದು ಕಾರು ನಿಲ್ಲಿಸಿಕೊಂಡು ಬಾಟಲಿ ಹಿಡಿದು ಕೂತಿತ್ತು. ಗೆಳತಿ ಹೊಟ್ಟೆ ಹಿಡಿದುಕೊಂಡು ಗೋಡೆಗೆ ಒರಗಿದಳು. ಅವಳು ಅಳುತ್ತಿದ್ದುದು ನೋವಿಗಲ್ಲ, ನಾಚಿಕೆಗೆ. ಟೀಚರ್ ಸರಸರನೆ ಟೆಂಟಿನ ಹತ್ತಿರ ಹೋಗಿ ಗೂಟ ಹೊಡೆಯುವ ಸುತ್ತಿಗೆ ತಂದರು. ಮೇಟಿ "ಏಯ್ ಏಯ್" ಎಂದು ಏಳುವುದರೊಳಗೆ ಬೀಗ ನೆಲಕ್ಕೆ ಬಿದ್ದಿತ್ತು.

ಗೆಳತಿ ಹೊರಗೆ ಬಂದ ಮೇಲೆ ಟೀಚರ್ ತಾವೇ ನೀರು ಹೊತ್ತು ತಂದು, ಪೊರಕೆ ಹಿಡಿದು, ನೆಲ ಗೋಡೆ ಎಲ್ಲ ಉಜ್ಜಿ ತೊಳೆದರು. ನಾವು ಕೈ ಹಾಕಲು ಹೋದರೆ ಬಿಡಲಿಲ್ಲ. ಒಡೆದ ಬೀಗವನ್ನು ಮೇಟಿಯ ಕೈಗೆ ಕೊಟ್ಟು, "ನಿಮ್ ಸಾಹೇಬ್ರು ಕೇಳಿದ್ರೆ ನನ್ ಹೆಸ್ರೇ ಹೇಳು. ನೀನು ತಪ್ಪು ಮಾಡ್ಲಿಲ್ಲ ಅಂತ ನಾನೂ ಹೇಳ್ತೀನಿ" ಎಂದರು.

ಜಲಾಶಯದ ಕಚೇರಿಯ ಸಾಹೇಬರ ಜೀಪು ಬಂತು. ಹೆಂಡತಿ, ಮಕ್ಕಳು, ಹಾಟ್‌ಬಾಕ್ಸುಗಳು. ವಿಷಯ ತಿಳಿದು ಸಾಹೇಬರು ನೇರ ನಮ್ಮ ಟೆಂಟುಗಳ ಹತ್ತಿರ ಬಂದರು. ನಾವೆಲ್ಲ ಸಾಲಾಗಿ ನಿಂತಿದ್ದೆವು. ಕಾಯಿಲೆಯ ಹುಡುಗಿ ಹೇಗಿದ್ದಾಳೆ ಎಂದು ಅವರು ಕೇಳಲಿಲ್ಲ. ಅವಳು ಟೆಂಟಿನ ಬಾಗಿಲಲ್ಲೇ ಮಲಗಿದ್ದಳು, ಕಾಣುತ್ತಿತ್ತು.

"ಸರ್ಕಾರಿ ಆಸ್ತಿ ಒಡೀತೀರೇನ್ರೀ? ಟೀಚರಾ ನೀವು?"

"ಸರ್ಕಾರಿ ಆಸ್ತಿ ಅಂತ್ಲೇ ಒಡೆದೆ ಸಾರ್" ಎಂದರು ನಮ್ಮ ಟೀಚರ್. "ನಿಮ್ಮ ಮನೇದಾಗಿದ್ರೆ ಕೈಮುಗಿದು ಕೇಳ್ತಿದ್ದೆ."

ಸಾಹೇಬರು ಆಗಿಂದಾಗಲೇ ಜಾಗ ಖಾಲಿ ಮಾಡಿ ಎಂದರು. ಉರಿಬಿಸಿಲಿನಲ್ಲಿ ಟೆಂಟು ಕಿತ್ತೆವು. ಮೈಲುಗಟ್ಟಲೆ ಹೊತ್ತುಕೊಂಡು ನಡೆದು ರಸ್ತೆಗೆ ಬಂದು, ಬಸ್ಸಿನ ಮೇಲೆ ಹೇರಿ ಊರಿಗೆ ಬಂದೆವು. ಗೆಳತಿ ದಾರಿಯುದ್ದಕ್ಕೂ ಟೀಚರ್ ಹೆಗಲ ಮೇಲೆ ತಲೆಯಿಟ್ಟಿದ್ದಳು. ಪಿಕ್‌ನಿಕ್ಕಿನವರನ್ನು ಯಾರೂ ಏಳಿಸಲಿಲ್ಲ. ನಾವು ಹೊರಡುವಾಗ ಅವರು ಖಾಲಿ ಬಾಟಲಿಗಳನ್ನು ನೀರಿಗೆ ಎಸೆದು ಆಟವಾಡುತ್ತಿದ್ದರು.

ಆಮೇಲೆ ನಡೆದದ್ದನ್ನು ನೆನೆದರೆ ಈಗಲೂ ನನ್ನ ಮೈ ಉರಿಯುತ್ತದೆ. ಸಾಹೇಬರ ದೂರು ಬಂತು, ವಿಚಾರಣೆ ಆಯಿತು. ಪಾಯಿಖಾನೆಗೆ ಬೀಗ ಯಾಕೆ ಹಾಕಿದಿರಿ ಎಂದು ಒಬ್ಬರೂ ಕೇಳಲಿಲ್ಲ. ಹೆಣ್ಣುಮಕ್ಕಳನ್ನು ಅಲ್ಲಿಗೆ ಯಾಕೆ ಕರೆದುಕೊಂಡು ಹೋದಿರಿ ಎಂಬುದೊಂದೇ ಪ್ರಶ್ನೆ. ಹೆಡ್‌ಮಾಸ್ಟರು ಟೀಚರನ್ನು ಕರೆದು, ತಪ್ಪಾಯಿತು ಎಂದು ಬರೆದುಕೊಟ್ಟರೆ ಇಲ್ಲಿಗೇ ಮುಗಿಸೋಣ ಎಂದರಂತೆ. ಇವರು ಬರೆಯಲಿಲ್ಲ. ಊರಿನಲ್ಲಿ ಮಾತಿಗೆ ಕೈಕಾಲು ಬಂತು. ಮದುವೆಯಾಗದವಳಿಗೆ ಮಕ್ಕಳ ಜವಾಬ್ದಾರಿ ಏನು ಗೊತ್ತು ಎಂದವರೂ ಇದ್ದರು. ಮನೆಯಲ್ಲಿ ಅಪ್ಪ ಅದನ್ನೇ ಹೇಳಲು ಹೋದಾಗ ರಾಗಿ ಕೇರುತ್ತಿದ್ದ ಅಮ್ಮ ಮೊರ ಪಕ್ಕಕ್ಕಿಟ್ಟು, "ಬುಡಿ ಬುಡಿ. ನಿಮ್ಗೇನ್ ಗೊತ್ತು, ಬೇಲಿ ಕಂಡ್ರೆ ನಿಂತ್ಕತೀರ" ಎಂದರು. ಅಪ್ಪ ಟವೆಲ್ಲು ಹೆಗಲಿಗೆ ಹಾಕಿಕೊಂಡು ಹೊರಗೆ ಹೋದರು. ಅಮ್ಮನೂ ಗೆಳತಿಯ ತಾಯಿಯೂ ಶಾಲೆಗೆ ಹೋಗಿ, ಟೀಚರ್ ಮಾಡಿದ್ದು ಸರಿ ಎಂದು ಹೇಳಿ ಬಂದರು. ಹೆಡ್‌ಮಾಸ್ಟರು ಅವರನ್ನು ಕೂರಿ ಎನ್ನಲೂ ಇಲ್ಲವಂತೆ.

ಪರೀಕ್ಷೆಗೆ ಮುಂಚೆಯೇ ಟೀಚರಿಗೆ ವರ್ಗದ ಆದೇಶ ಬಂತು. ಉಯ್ಯಂಬಳ್ಳಿಯ ಆಚೆ, ಬಸ್ಸು ಬಂದರೆ ಬಂತು ಇಲ್ಲದಿದ್ದರೆ ಇಲ್ಲ ಎನ್ನುವಂಥ ಊರಿನ ಶಾಲೆಗೆ. ಶಿಕ್ಷೆಯೆಂದೇ ಹಾಕಿದ್ದು. ಅವರು ಹೋದ ಮೇಲೆ ಟೆಂಟುಗಳನ್ನು ಟ್ರ್ಯಾಕ್ಟರಿಗೆ ತುಂಬಿ ಗಂಡುಹುಡುಗರ ಹೈಸ್ಕೂಲಿಗೆ ಕೊಟ್ಟುಬಿಟ್ಟರು. ನಾವು ತೇಪೆ ಹಾಕಿದ್ದ ಟೆಂಟುಗಳು, ನಾವು ಹೊಸೆದಿದ್ದ ಹಗ್ಗಗಳು! ಕಿಟಕಿಯಲ್ಲಿ ನಿಂತು ನೋಡಿದೆವು. ಬೇಸಿಗೆ ರಜೆಯಲ್ಲಿ ಆ ಹುಡುಗರು ಅದೇ ಜಲಾಶಯದ ದಂಡೆಯಲ್ಲಿ ಕ್ಯಾಂಪು ಹಾಕಿದರು. ಅವರ ಮೇಷ್ಟರುಗಳಿಗೆ ಪ್ರವಾಸಿ ಮಂದಿರದ ಕೋಣೆಯನ್ನೇ ಬಿಟ್ಟುಕೊಟ್ಟಿದ್ದರಂತೆ. ನಮ್ಮ ಶಾಲೆಯಲ್ಲಿ ಮತ್ತೆಂದೂ ಕ್ಯಾಂಪು ನಡೆಯಲಿಲ್ಲ.

ಎಷ್ಟೋ ವರ್ಷಗಳ ಮೇಲೆ ಕನಕಪುರದ ಬಸ್ ನಿಲ್ದಾಣದಲ್ಲಿ ಟೀಚರ್ ಸಿಕ್ಕಿದರು. ಕೂದಲು ಪೂರ್ತಿ ಬೆಳ್ಳಗಾಗಿತ್ತು. ಕಾಲಲ್ಲಿ ಅದೇ ಬಿಳಿ ಶೂ. ಸಾತನೂರಿನ ಬಸ್ಸಿಗೆ ಕಾಯುತ್ತಿದ್ದರು. ನನ್ನ ಗುರುತು ಹಿಡಿದು ಕೆನ್ನೆ ತಟ್ಟಿದರು. ನಾನು ಆಗಷ್ಟೇ ಮಗಳನ್ನು ಕರೆದುಕೊಂಡು ಬೆಟ್ಟದ ಕಡೆಯ ಹೊಸ ಕ್ಯಾಂಪೊಂದಕ್ಕೆ ಹೋಗಿಬಂದಿದ್ದೆ. ಅಲ್ಲಿ ಟೆಂಟನ್ನು ಕ್ಯಾಂಪಿನವರೇ ಹಾಕಿಟ್ಟಿರುತ್ತಾರೆ, ಒಳಗೆ ಮಂಚ, ಫ್ಯಾನು, ಬೆಳಗಿನ ತಿಂಡಿಗೆ ಗಂಟೆ ಬಾರಿಸುತ್ತಾರೆ ಎಂದೆಲ್ಲ ಹೇಳಿದೆ. ಟೀಚರ್ ಕೇಳಿದ್ದು ಒಂದೇ.

"ಮಗು ಕೈಲಿ ಒಂದ್ ಗೂಟನಾದ್ರೂ ಹೊಡ್ಸಿದ್ರಾ?"

ಇಲ್ಲ ಎಂದೆ. "ಹಂಗಾದ್ರೆ ಅದು ಲಾಡ್ಜು ಕಣೇ, ಗೋಡೆ ಮಾತ್ರ ಬಟ್ಟೇದು" ಎಂದು ನಕ್ಕರು. ಆಮೇಲೆ, "ನನ್ನನ್ನ ಎತ್ತಿ ಹಾಕಿದ್ದು ಬಿಡು, ನಂಗೆ ಹೊಳೆ ಸಿಕ್ತು. ನಿಮ್ ಟೆಂಟು ಯಾಕೆ ಕಿತ್ಕೋಬೇಕಿತ್ತು ಅವ್ರು?" ಎಂದರು. ಬಸ್ಸು ಬಂತು. ಕಿಟಕಿಯಿಂದ ಏನೋ ಹೇಳಿದರು, ಗದ್ದಲದಲ್ಲಿ ಕೇಳಿಸಲಿಲ್ಲ...

ಟೆಂಟು ಕತ್ತರಿಸಿ ಹೊದಿಕೆ ಹೊಲಿದುಕೊಟ್ಟ ಸ್ವಲ್ಪ ದಿನಕ್ಕೆ ಗೆಳತಿಯ ಫೋನು ಬಂತು. ಟೀಚರ್ ಕುದೂರಿನ ತಮ್ಮನ ಮನೆಯಲ್ಲಿ ತೀರಿಕೊಂಡರಂತೆ, ನಮ್ಮ ಶಾಲೆಯಲ್ಲಿ ಸಂತಾಪ ಸಭೆಯಂತೆ. ಇಬ್ಬರೂ ಹೋದೆವು. ವೇದಿಕೆಯ ಮೇಲೆ ಅವರ ಫೋಟೋ, ಹಾರ. ಈಗ ಮುಪ್ಪಾದ ಅದೇ ಹೆಡ್‌ಮಾಸ್ಟರು ಮೈಕಿನ ಮುಂದೆ ನಿಂತು, ಆ ಕಾಲದಲ್ಲೇ ಹೆಣ್ಣುಮಕ್ಕಳ ಕ್ಯಾಂಪು ನಡೆಸಿದ ಮಹಾತಾಯಿ ಎಂದರು. ನಮ್ಮ ಪ್ರೋತ್ಸಾಹ ಸದಾ ಅವರ ಬೆನ್ನಿಗಿತ್ತು ಎಂದರು. ಜನ ಚಪ್ಪಾಳೆ ಹೊಡೆದರು. ನನಗೆ ತಡೆಯಲಾಗಲಿಲ್ಲ. ಎದ್ದು ನಿಂತು, "ಸಾರ್, ಅವರಿಂದ ತಪ್ಪೊಪ್ಪಿಗೆ ಕೇಳಿದ್ದು ನೀವೇ ಅಲ್ವಾ? ನಮ್ಮ ಟೆಂಟುಗಳನ್ನ ಗಂಡುಹುಡುಗರ ಶಾಲೆಗೆ ಕಳಿಸಿದ್ದು ಯಾರು?" ಎಂದೆ. ಹಿಂದಿನಿಂದ ಯಾರೋ, "ಸತ್ತೋರ ಫೋಟೋ ಮುಂದೆ ಇದೆಲ್ಲಾ ಯಾಕಮ್ಮ, ಕುಂತ್ಕೋ" ಎಂದರು. ಹೆಡ್‌ಮಾಸ್ಟರು ಕನ್ನಡಕ ಒರೆಸಿಕೊಂಡು, ವಯಸ್ಸಾಯ್ತು, ಎಲ್ಲ ನೆನಪಿಲ್ಲ ಎಂದರು. ನೆನಪಿಲ್ಲವಂತೆ! ಗೆಳತಿ ನನ್ನ ಪಕ್ಕದಲ್ಲಿ ಎದ್ದು ನಿಂತಳು. "ನಂಗೆ ನೆನಪೈತೆ ಸಾರ್. ಅವತ್ತು ಭೇದಿ ಆಗಿದ್ದು ನಂಗೇ" ಎಂದಳು. ಮೊಮ್ಮಗುವನ್ನು ಕಂಡವಳು, ಅಷ್ಟು ಜನರ ನಡುವೆ ಅದನ್ನು ಹೇಳಿದಳು. ನಾವು ಪುಷ್ಪ ಹಾಕಿ ಹೊರಗೆ ಬಂದೆವು. ಸಭೆ ಮುಂದುವರಿಯಿತು.

ಹೋದ ವಾರ ಇಬ್ಬರೂ ಉಯ್ಯಂಬಳ್ಳಿಯ ಬಸ್ಸು ಹತ್ತಿದೆವು. ಟೀಚರಿಗೆ ಇಷ್ಟವಾಗಿದ್ದ ಹೊಳೆ ದಂಡೆಯನ್ನು ಒಮ್ಮೆ ನೋಡಬೇಕೆನ್ನಿಸಿತ್ತು. ಈಗ ಅಲ್ಲಿ ತಂತಿಬೇಲಿ, ಗೇಟು. ಯಾರೋ ಗುತ್ತಿಗೆ ಹಿಡಿದಿದ್ದಾರೆ. ಸಿಮೆಂಟು ಕಟ್ಟೆಗಳ ಮೇಲೆ ಬಣ್ಣದ ಟೆಂಟುಗಳು ಕೂತಿವೆ. ಗೇಟಿನ ಹುಡುಗ ಮರ್ಯಾದೆಯಿಂದಲೇ, ಫೋನಿನಲ್ಲಿ ಬುಕ್ ಮಾಡಬೇಕು, ಸ್ವಂತ ಟೆಂಟು ಬಿಡುವುದಿಲ್ಲ ಎಂದ. ಬೆಂಗಳೂರಿನ ಸಂಸಾರಗಳು ಬರುತ್ತವಂತೆ. ನೋಡಿಕೊಂಡು ಹೋಗಿ ಎಂದು ಒಳಗೆ ಬಿಟ್ಟ. ಸುಳ್ಳು ಹೇಳಬಾರದು, ಪಾಯಿಖಾನೆಗಳು ಸಾಲಾಗಿ, ಚೊಕ್ಕಟವಾಗಿದ್ದವು, ನಲ್ಲಿಯಲ್ಲಿ ನೀರಿತ್ತು. ಅವುಗಳ ಮುಂದೆ ಒಬ್ಬಾಕೆ ಗುಡಿಸುತ್ತಿದ್ದಳು. ಈ ಊರಿನ ಶಾಲೆಯ ಮಕ್ಕಳು ಇಲ್ಲಿಗೆ ಬರುತ್ತಾರಾ ಎಂದು ಕೇಳಿದೆ.

"ಎಲ್ಲಿ ಬುಡ್ತಾರೆ ಅಕ್ಕ. ನಾವು ಓದೋವಾಗ ಒಬ್ರು ಡ್ರಿಲ್ ಮೇಡಮ್ಮು ಇದ್ರು, ಅವ್ರು ಕರ್ಕಂಬರೋರು. ಟೆಂಟು ಇರ್ನಿಲ್ಲ, ಅವ್ರ ಸೀರೆಗಳ್ನೇ ಕಟ್ಟಿ ಮಲಗುಸ್ತಿದ್ರು." ಪೊರಕೆ ನಿಲ್ಲಿಸಿ ನಮ್ಮ ಮುಖ ನೋಡಿದಳು. "ನಿಮ್ಗೂ ಅವ್ರು ಗೊತ್ತಾ? ಎಂಗವ್ರೆ ಈಗ?"

ಟೀಚರ್ ತೀರಿಕೊಂಡರೆಂದು ಗೆಳತಿಯೇ ಹೇಳಿದಳು. ಆಕೆ ಪೊರಕೆ ಹಿಡಿದುಕೊಂಡೇ ಮೆಟ್ಟಿಲ ಮೇಲೆ ಕೂತಳು. ಬಹಳ ಹೊತ್ತು ಹೊಳೆಯ ಕಡೆಗೇ ನೋಡಿದಳು. ಆಮೇಲೆ ನಮ್ಮ ಕಡೆ ತಿರುಗಿದಾಗ ಅವಳ ಕಣ್ಣಲ್ಲಿ ನೀರಿಗಿಂತ ಸಿಟ್ಟೇ ಹೆಚ್ಚಿತ್ತು.

"ಈಟ್ ದಿನ ಆಗದೆ. ನಮ್ಗೆ ಒಬ್ರೂ ಯೋಳ್ನಿಲ್ವಲ್ಲ ಅಕ್ಕ. ಮಣ್ಣಿಗೆ ನಾವೂ ಬತ್ತಿದ್ವು. ಊರ್ ಎಣ್ಮಕ್ಕಳೆಲ್ಲಾ ಬತ್ತಿದ್ವು."